ಪ್ರೋಟೀನ್ ಛೇದಕ ಕಿಣ್ವಗಳೂ ನಮ್ಮ ತರುಣ ಸಂಶೋಧಕರೂ

ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿಗೂ ರೋಗಗಳಿಗೂ ಇರುವ ಸಂಬಂಧವನ್ನು ವಿಚಾರಿಸುವುದಕ್ಕಾಗಿ ದೇಶವಿದೇಶಗಳಲ್ಲಿ ಆಗಾಗ್ಗೆ ಸಮ್ಮೇಳನಗಳು ಕೂಡುತ್ತವೆ. ೧೯೯೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪ್ರೋಟಿಯೋಲಿಸಿಸ್ ಸಂಘವು ಈ ಒಂದು ವಿಷಯಕ್ಕೇ ಮೀಸಲಾದುದು. ಅದರ ಮಹಾಸಭೆ ೨೦೧೫ರಲ್ಲಿ ಮಲೇಷ್ಯದ ಪಿನಾಂಗಿನಲ್ಲಿಯೂ ೨೦೧೯ರಲ್ಲಿ ಚೆಕ್ ದೇಶದ ಮಾರಿಯಾನ್ಸ್ಕೆ ಲಾಜ್ನೆಯಲ್ಲಿಯೂ ಸೇರಿತು. ನಮ್ಮ ದೇಶದಲ್ಲಿ, ೧೯೩೦ರಷ್ಟು ಹಿಂದೆಯೇ ಹುಟ್ಟಿ ಬೆಂಗಳೂರಿನಲ್ಲಿ ನೆಲೆಗೊಂಡಿರುವ ಸೊಸೈಟಿ ಆಫ್ ಬಯಲಾಜಿಕಲ್ ಕೆಮಿಸ್ಟ್ಸ್ ಸಂಸ್ಥೆಯ ಅಧಿವೇಶನಗಳಲ್ಲಿ ಕಿಣ್ವಗಳ ವಿಚಾರಕ್ಕೆ ಎಂದಿನಿಂದಲೂ ಸ್ಥಾನವುಂಟು. ಇಂತಹ ಸಭೆಗಳಿಗೆ ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಸೀಮೆಯಿಂದ ಒಬ್ಬ ತರುಣನೋ ತರುಣಿಯೋ ಹೋಗಬೇಕಾದರೆ ಏನೇನು ಬೇಕು ಎಂಬುದು ಒಂದು ಪ್ರಶ್ನೆ. ಹೋದರೆ ಆ ಸಭೆಗೆ ಅವರಿಂದ ಲಾಭವೇನು ಎಂಬುದು ಇನ್ನೊಂದು. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ. ನಾವು ಎರಡನೆಯದರಿಂದಲೇ ಆರಂಭಿಸುತ್ತೇವೆ. ಏಕೆಂದರೆ ಅದಕ್ಕೆ ತಕ್ಕ ಉತ್ತರ ದೊರೆತ ಹೊರತು ಮೊದಲನೆಯದು ಬರಿಯ ದಾನಧರ್ಮದ ಮಾತಾಗಿ ಉಳಿಯುತ್ತದೆ.

ಹಿಂದಿನ ಪಠ್ಯಪುಸ್ತಕಗಳು ಪ್ರೋಟೀನನ್ನು ಸಸಾರಜನಕವೆಂದು ಕರೆಯುತ್ತಿದ್ದುವು. ಈಗ ಪ್ರೋಟೀನೆಂಬ ಮಾತೇ ಅಡಿಗೆಮನೆಯವರೆಗೂ ಬಂದಿರುವುದರಿಂದ ನಾವು ಅದನ್ನೇ ಬಳಸುತ್ತೇವೆ. ಅಮೈನೋ ಆಮ್ಲಗಳೆಂಬ ಸಣ್ಣ ಅಣುಗಳು ಒಂದರ ಹಿಂದೊಂದು ಕೊಂಡಿ ಹಾಕಿಕೊಂಡು ಆದ ಸರವೇ ಪ್ರೋಟೀನು. ಈ ಕೊಂಡಿಯನ್ನು ನೀರಿನ ಸಹಾಯದಿಂದ ಬಿಡಿಸುವ ಕಿಣ್ವಕ್ಕೆ ಪ್ರೋಟಿಯೇಸ್ ಎಂದು ಹೆಸರು. ಕಿಣ್ವವಿಲ್ಲದೆ ಈ ಕೊಂಡಿಯನ್ನು ಬಿಡಿಸಬೇಕಾದರೆ ಪ್ರಬಲವಾದ ಆಮ್ಲದಲ್ಲಿ ಗಂಟೆಗಟ್ಟಲೆ ಕುದಿಸಬೇಕು. ಕಿಣ್ವವಾದರೋ ನಮ್ಮ ಮೈಯ ಬಿಸುಪಿನಲ್ಲಿಯೇ ಕ್ಷಣಾರ್ಧದಲ್ಲಿ ಆ ಕೆಲಸವನ್ನು ಮುಗಿಸುತ್ತದೆ. ಮಾಂಸವನ್ನು ಬೇಯಿಸುವ ಮೊದಲು ಹಸಿಯ ಪರಂಗಿಕಾಯಿಯ ತುಂಡನ್ನು ಅದಕ್ಕೆ ಬೆರೆಸುವ ಗೃಹಿಣಿಯು ಪಪೈನ್ ಎಂಬ ಪ್ರೋಟಿಯೇಸನ್ನು ಪ್ರಯೋಗಿಸುತ್ತಿರುತ್ತಾಳೆ. ಬೀಳುಭೂಮಿಯಲ್ಲೆಲ್ಲ ಬೆಳೆಯುವ ಎಕ್ಕದ ಹಾಲಿನಲ್ಲಿಯೂ ಇದೇ ಜಾತಿಯ ಕಿಣ್ವಗಳಿವೆ. ಆ ಹಾಲಿನ ಕಿಣ್ವಗಳು ರಕ್ತವನ್ನು ಹೆಪ್ಪುಗಟ್ಟಿಸುವ ರೀತಿಯನ್ನೂ, ಹೆಪ್ಪಿನ ನಾರಾದ ಫೈಬ್ರಿನ್ನನ್ನು ಕರಗಿಸುವ ರೀತಿಯನ್ನೂ ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದಲ್ಲಿ ಬಿ. ಎಸ್. ವಿಶ್ವನಾಥ್, ಕೆ. ಕೆಂಪರಾಜು ಮೊದಲಾದವರೂ ಅವರ ಶಿಷ್ಯರೂ ಅಭ್ಯಸಿಸಿ ೨೦೦೫ರಲ್ಲಿ ಪ್ರಕಟಿಸಿದರು.

ಮನುಷ್ಯನ ಶರೀರದಲ್ಲಿ ಇಂತಹ ಕಿಣ್ವಗಳು ೫೫೦ಕ್ಕೂ ಹೆಚ್ಚು ಬಗೆಯವು ಇವೆ. ಊಟವನ್ನು ಅರಗಿಸುವುದಷ್ಟೇ ಅವುಗಳ ಕೆಲಸವೆಂದು ಹಿಂದೆ ಭಾವಿಸಿದ್ದರು. ಈಗ ತಿಳಿದಿರುವಂತೆ, ಗಾಯದಲ್ಲಿ ರಕ್ತ ಹೆಪ್ಪುಗಟ್ಟುವುದು, ಹೆಪ್ಪು ಕರಗುವುದು, ರಕ್ತದ ಒತ್ತಡ ಏರಿಳಿಯುವುದು, ಜೀವಕೋಶವು ತನ್ನ ಕಾಲ ಮುಗಿದಾಗ ಸಾಯುವುದು, ಇವೆಲ್ಲವೂ ಕತ್ತರಿಯ ಕೆಲಸವೇ. ಕತ್ತರಿಗೆ ಕಾವಲುಗಾರನೂ ಉಂಟು. ಪ್ರತಿಬಂಧಕ ಎಂಬ ಪ್ರೋಟೀನುಗಳು ಕಿಣ್ವದ ಬಾಯಿಗೆ ಬೆಣೆಯಂತೆ ಸಿಕ್ಕಿಕೊಂಡು ಅದನ್ನು ತಡೆಯುತ್ತವೆ. ಹುರುಳಿಕಾಳಿನಲ್ಲಿ ಇಂತಹ ಪ್ರತಿಬಂಧಕವು ಹೇರಳವಾಗಿದೆ. ಅದು ಎರಡು ತಲೆಯುಳ್ಳದ್ದು, ಒಂದು ಕಡೆ ಟ್ರಿಪ್ಸಿನ್ನನ್ನೂ ಇನ್ನೊಂದು ಕಡೆ ಕೈಮೋಟ್ರಿಪ್ಸಿನ್ನನ್ನೂ ಹಿಡಿಯುತ್ತದೆ. ಹುರುಳಿಯನ್ನು ಬೇಯಿಸದೆ ತಿಂದರೆ ಅರಗದಿರುವುದಕ್ಕೆ ಇದೂ ಒಂದು ಕಾರಣ. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಲಲಿತಾ ಆರ್. ಗೌಡ ಅವರೂ ಅವರ ಸಹೋದ್ಯೋಗಿಗಳೂ ಇದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ವಿವರವಾಗಿ ಪರೀಕ್ಷಿಸಿದ್ದಾರೆ. ಕತ್ತರಿಗೂ ಕಾವಲಿಗೂ ಇರುವ ಸಮತೋಲ ತಪ್ಪಿದಾಗ ಉಂಟಾಗುವ ಸ್ಥಿತಿಗೆ ರೋಗವೆಂದು ಹೆಸರು. ಎಲ್ಲ ರೋಗಕ್ಕೂ ಅಲ್ಲ, ಆದರೆ ನಾವು ಎಣಿಸಿದುದಕ್ಕಿಂತ ಹೆಚ್ಚಿನವಕ್ಕೆ.

ಈ ಸಮತೋಲದ ಕಥೆಯಲ್ಲಿ ತರುಣರ ಪಾತ್ರ ಎದ್ದು ಕಾಣುತ್ತದೆ. ೧೯೬೩ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಕಾರ್ಲ್ ಬರ್ಟಿಲ್ ಲಾರೆಲ್ ಎಂಬ ಪ್ರಯೋಗಶಾಲಾ ವೈದ್ಯರು ರೋಗಿಗಳ ರಕ್ತರಸವನ್ನು ವಿದ್ಯುತ್ತಿನಿಂದ ಪಟ್ಟೆಪಟ್ಟೆಯಾಗಿ ಬೇರ್ಪಡಿಸಿದ ಸುಮಾರು ೧೫೦೦ ಕಾಗದಗಳನ್ನು ನೋಡುತ್ತಿದ್ದಾಗ, ಐದರಲ್ಲಿ ಒಂದು ಪಟ್ಟೆ ಇಲ್ಲದಿರುವುದು ಕಂಡಿತು. ಆ ಐವರು ಯಾರೆಂದು ಹುಡುಕಿ, ಅವರ ಮನೆತನಗಳನ್ನು ಬೆನ್ನುಹತ್ತಿ ಹೋದವನು ಇನ್ನೂ ತರಬೇತಿಯಲ್ಲಿದ್ದ ಸ್ಟೆನ್ ಎರಿಕ್ಸನ್. ಐವರಲ್ಲಿ ಮೂವರಿಗೆ ಚಿಕ್ಕ ವಯಸ್ಸಿಗೇ ಶ್ವಾಸಕೋಶದ ಗಾಳಿಗೂಡುಗಳು ಹರಿದುಹೋಗುವ ಎಂಫಿಸೀಮ ರೋಗವಿತ್ತು. ಇಲ್ಲದಿದ್ದ ಪಟ್ಟೆಯು ಒಂದು ಪ್ರೋಟಿಯೇಸ್ ಪ್ರತಿಬಂಧಕದ್ದು. ಬಿಳಿಯ ರಕ್ತಕಣಗಳು ಹೊರಹಾಕುವ ಎಲಾಸ್ಟೇಸ್ ಎಂಬ ಕತ್ತರಿಯನ್ನು ತಡೆಯುವವರಿಲ್ಲದೆ ಅದು ಶ್ವಾಸಕೋಶವನ್ನೇ ಕತ್ತರಿಸುತ್ತಿತ್ತು. ಇದಾದ ಸ್ವಲ್ಪ ಕಾಲಕ್ಕೇ, ೧೯೬೫ರಲ್ಲಿ, ಪಾಲ್ ಗ್ರಾಸ್ ಮತ್ತು ಸಂಗಡಿಗರು ಇಲಿಗಳ ಶ್ವಾಸಕೋಶಕ್ಕೆ ಪಪೈನನ್ನು ಬಿಟ್ಟಾಗ ಅದೇ ರೋಗ ಕಾಣಿಸಿಕೊಂಡುದನ್ನು ಪ್ರಕಟಿಸಿದರು. ಅವರ ಇಲಿಗಳಲ್ಲಿ ಕೆಲವು ಆರೋಗ್ಯವಾಗಿದ್ದುವು, ಕೆಲವು ಸಿಲಿಕದ ಧೂಳಿನಿಂದ ಮೊದಲೇ ರೋಗಗ್ರಸ್ತವಾಗಿದ್ದುವು. ಸಂಡೂರಿನ ಬೆಟ್ಟಗಳಲ್ಲಿ ಕಬ್ಬಿಣದ ಅದಿರು ಮತ್ತು ಬೆಣಚುಕಲ್ಲು ಪದರಪದರವಾಗಿ ಸೇರಿರುವುದನ್ನೂ, ಬೆಣಚುಕಲ್ಲಿನ ಧೂಳೆಂದರೆ ಸಿಲಿಕವೆಂಬುದನ್ನೂ ಬಲ್ಲ ನಮ್ಮ ವಿದ್ಯಾರ್ಥಿಗೆ ಈ ಹಳೆಯ ಪ್ರಯೋಗವು ದೂರದ ಸಂಗತಿಯಾಗಿ ತೋರಲಾರದು.

ಆದರೆ ಪ್ರೋಟಿಯೇಸುಗಳು ನಮ್ಮ ಸೀಮೆಯಲ್ಲಿ ತಮ್ಮ ಪ್ರತಾಪವನ್ನು ತೋರಿಸುವ ಪ್ರಧಾನ ಸ್ಥಳ ಬೇರೊಂದಿದೆ. ಅದು ಹಾವಿನ ಕಡಿತ. ಇದರ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅವಶ್ಯ.

ತುಂಗಭದ್ರೆಯ ಕಾಲುವೆಗಳ ಕೆಳಗಿನ ಕಂಪ್ಲಿಯ ಬತ್ತದ ಗದ್ದೆ, ಕಬ್ಬಿನ ತೋಟ, ಹಂಪಿಯ ತುರ್ತು ಕಾಲುವೆಯ ಬದಿಯ ಬಾಳೆಯ ತೋಟ, ಇವು ಇಲಿಗಳಿಗೆ ಪ್ರಿಯವಾದ ಸ್ಥಳಗಳು, ಇಲಿಯಿದ್ದಲ್ಲಿ ಕೊಳಕುಮಂಡಲವುಂಟು. ನೀರಾವರಿಯ ಅಂಚನ್ನು ದಾಟಿದೊಡನೆ ಬರುವ ಬಂಡೆಗಲ್ಲು, ಕುರುಚಲು ಗಿಡ, ಒಣನೆಲ ಇವು ಗರಗಸ ಮಂಡಲಕ್ಕೆ ಒಗ್ಗಿದ ನೆಲೆ. ಈ ಎರಡು ಮಂಡಲಗಳ ನಂಜೂ ಬಹುಮಟ್ಟಿಗೆ ಕಿಣ್ವಗಳ ದ್ರಾವಣ. ಕೊಳಕುಮಂಡಲದ ನಂಜಿನಲ್ಲಿರುವ ಒಂದು ಪ್ರೋಟಿಯೇಸು ರಕ್ತದಲ್ಲಿ ಹೆಪ್ಪುಗಟ್ಟಿಸುವ ಸರಪಳಿಯ ಹತ್ತನೆಯ ಘಟಕವನ್ನೂ, ಇನ್ನೊಂದು ಐದನೆಯ ಘಟಕವನ್ನೂ ಕತ್ತರಿಸಿ ಎಚ್ಚರಿಸುತ್ತವೆ. ಗರಗಸ ಮಂಡಲದ್ದು ಪ್ರೋತ್ರಾಂಬಿನ್ನನ್ನೇ ನೇರವಾಗಿ ಕತ್ತರಿಸುತ್ತದೆ. ಹಾಗಾದರೆ ರಕ್ತ ಹೆಪ್ಪುಗಟ್ಟಬೇಕಲ್ಲ, ಗಾಯದಿಂದ ರಕ್ತ ಸುರಿಯುವುದೇಕೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಸರಿಯಾದುದೇ. ನಾಳಗಳಲ್ಲೆಲ್ಲ ಒಮ್ಮೆಗೇ ಅಲ್ಲಲ್ಲಿ ಸಣ್ಣಸಣ್ಣ ಹೆಪ್ಪುಗಳು ಹುಟ್ಟಿ, ಹೆಪ್ಪಿಗೆ ಬೇಕಾದ ಸಾಮಗ್ರಿಯೆಲ್ಲ ಕೆಲವೇ ಗಂಟೆಗಳಲ್ಲಿ ವ್ಯಯವಾಗಿಹೋಗುತ್ತದೆ. ಮನೆಯಲ್ಲಿದ್ದ ಕಾಳನ್ನೆಲ್ಲ ಒಂದೇ ದಿನ ಹಂಚಿ ಕಣಜ ಬರಿದಾದಂತೆ. ಆಮೇಲೆ ಸಣ್ಣ ಗೀರೂ ನಿಲ್ಲದೆ ಸುರಿಯುತ್ತದೆ. ಇದರ ಜೊತೆಗೆ ಸತುವಿನ ಅಣುವನ್ನು ಒಡಲಿನಲ್ಲಿಟ್ಟುಕೊಂಡ ಲೋಹ ಪ್ರೋಟಿಯೇಸುಗಳು ರಕ್ತನಾಳದ ಗೋಡೆಯ ತಳಪಾಯವನ್ನೇ ಕತ್ತರಿಸುತ್ತವೆ. ಕಡಿತದ ಸುತ್ತ ಬೊಬ್ಬೆಯೇಳುವುದೂ ಮಾಂಸ ಕೊಳೆಯುವುದೂ ಬಹುಪಾಲು ಇವುಗಳ ದೆಸೆಯಿಂದಲೇ.

ರೋಗಿಯು ಆಸ್ಪತ್ರೆಗೆ ಬಂದೊಡನೆ ಮಾಡತಕ್ಕ ಪರೀಕ್ಷೆಯೂ ತತ್ತ್ವತಃ ಒಂದು ಪ್ರೋಟಿಯೇಸ್ ಪ್ರಯೋಗವೇ. ಒಂದೆರಡು ಮಿಲಿಲೀಟರಿನಷ್ಟು ರಕ್ತವನ್ನು ಹೊಸದಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ, ಅಲುಗಿಸದೆ ೨೦ ನಿಮಿಷ ನಿಲ್ಲಿಸಿ, ಆಮೇಲೆ ಒಮ್ಮೆ ಬಾಗಿಸಿ ನೋಡುವುದು. ರಕ್ತ ಇನ್ನೂ ಹರಿಯುತ್ತಿದ್ದರೆ ಮಂಡಲದ ನಂಜೇರಿದೆ ಎಂದರ್ಥ. ಕೊಳವೆ ಗಾಜಿನದೇ ಆಗಿರಬೇಕು. ಪ್ಲಾಸ್ಟಿಕ್ಕಿನ ಮೇಲ್ಮೈ ಹೆಪ್ಪುಗಟ್ಟುವಿಕೆಯನ್ನು ಚೋದಿಸುವುದಿಲ್ಲವಾದುದರಿಂದ ಪರೀಕ್ಷೆ ಸುಳ್ಳಾಗುತ್ತದೆ. ಇಷ್ಟು ಅಗ್ಗವಾದ, ಇಷ್ಟು ಅರ್ಥಗರ್ಭಿತವಾದ ಪ್ರಯೋಗವನ್ನು ನಮ್ಮ ಬಿ.ಎಸ್‌ಸಿ. ತರಗತಿಗಳಲ್ಲಿ ವಿವರಿಸದೆ ಬಿಡುವುದು ವಿಷಾದಕರ.

ಈ ಕಡಿತದ ಲೆಕ್ಕ ಭಯಂಕರವಾದುದು. ೨೦೦೦ದಿಂದ ೨೦೧೯ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರ ಸಂಖ್ಯೆ ಸುಮಾರು ೧೨ ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ ೫೮,೦೦೦ ಎಂದು ೨೦೨೦ರಲ್ಲಿ ಪ್ರಕಟವಾದ ಒಂದು ದೊಡ್ಡ ಗಣನೆ ತಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೭ರಲ್ಲಿ ಹಾವಿನ ಕಡಿತವನ್ನು ಅಲಕ್ಷಿತವಾದ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಕರ್ನಾಟಕ ಸರ್ಕಾರವು ೨೦೨೪ರ ಫೆಬ್ರವರಿಯಲ್ಲಿ ಇದನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ರೋಗವೆಂದು ಘೋಷಿಸಿತು. ಮರುತಿಂಗಳೇ ಕೇಂದ್ರ ಸರ್ಕಾರವು ೨೦೩೦ರೊಳಗೆ ಈ ಮರಣಗಳನ್ನು ಅರ್ಧಕ್ಕಿಳಿಸುವ ರಾಷ್ಟ್ರೀಯ ಯೋಜನೆಯನ್ನು ಹೊರಡಿಸಿತು. ಸತ್ತವರಲ್ಲಿ ಬಹುಮಂದಿ ಹೊಲಗದ್ದೆಗಳಲ್ಲಿ ದುಡಿಯುವವರೆಂಬುದನ್ನು ಕಂಪ್ಲಿಯ ಕಡೆಯ ವಾಚಕರಿಗೆ ನಾವು ಹೇಳಬೇಕಾಗಿಲ್ಲ.

ಇಲ್ಲಿಗೆ ನಮ್ಮ ಪ್ರಶ್ನೆಯ ಹೃದಯಕ್ಕೆ ಬಂದೆವು. ಭಾರತದಲ್ಲಿ ಬಳಸುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ನಂಜನ್ನು ಕುದುರೆಗಳಿಗೆ ಚುಚ್ಚಿ ಪಡೆದದ್ದು. ಆ ನಂಜು ಬಹುಕಾಲದಿಂದ ಮುಖ್ಯವಾಗಿ ತಮಿಳುನಾಡಿನಲ್ಲಿ ೧೯೭೮ರಲ್ಲಿ ಸ್ಥಾಪಿತವಾದ ಇರುಳರ ಸಹಕಾರ ಸಂಘದಿಂದ ಬರುತ್ತಿದೆ. ಒಂದೇ ಜಾತಿಯ ಹಾವಿನ ನಂಜು ಎಲ್ಲ ಊರಿನಲ್ಲಿಯೂ ಒಂದೇ ಆಗಿದ್ದರೆ ಇದರಿಂದ ಬಾಧಕವಿರಲಿಲ್ಲ. ಆದರೆ ಹಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ಪ್ರಯೋಗಶಾಲೆಯು ದೇಶದ ೩೪ ಸ್ಥಳಗಳಿಂದ ಪಡೆದ ೧೧೫ ಕೊಳಕುಮಂಡಲಗಳ ನಂಜನ್ನು ಹೋಲಿಸಿ ೨೦೨೫ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಮಳೆ ಮತ್ತು ಉಷ್ಣತೆಗಳೊಡನೆ ನಂಜಿನ ಗುಣವು ಬದಲಾಗುವುದನ್ನು ತೋರಿಸಿತು. ಹವೆಯೊಡನೆ ಅತ್ಯಂತ ನಿಕಟ ಸಂಬಂಧ ಕಂಡುದು ಪ್ರೋಟಿಯೇಸ್ ಶಕ್ತಿಯಲ್ಲಿ. ಒಣಸೀಮೆಯ ಹಾವುಗಳಲ್ಲಿ ಆ ಶಕ್ತಿ ಹೆಚ್ಚಾಗಿರುವ ಒಲವು ಕಂಡುಬಂದಿತು. ಈ ಫಲವನ್ನು ಓದಿದಾಗ ನಮ್ಮ ಕಣ್ಣು ತಾನಾಗಿಯೇ ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ನಕ್ಷೆಯತ್ತ ಹರಿಯಿತು. ಒಣಸೀಮೆಯೂ ಹೌದು, ನಡುವೆ ಕಾಲುವೆಯ ನೀರೂ ಹೌದು. ಕಂಪ್ಲಿಯ ಗದ್ದೆಯಿಂದ ಸಂಡೂರಿನ ಬೆಟ್ಟಕ್ಕೆ ಒಂದು ದಿನದೊಳಗೆ ಹೋಗಿಬರಬಹುದು, ಆದರೆ ಹಾವಿನ ದೃಷ್ಟಿಯಿಂದ ಅವು ಎರಡು ಲೋಕಗಳು. ನೀರಾವರಿಯು ನಂಜನ್ನು ಬದಲಿಸೀತೇ? ಇಲ್ಲಿನ ರೋಗಿಗಳಿಗೆ ಪ್ರತಿವಿಷದ ಎಷ್ಟು ಸೀಸೆ ಬೇಕಾಗುತ್ತವೆ, ಬೇರೆಡೆಗಿಂತ ಹೆಚ್ಚೇ ಕಡಿಮೆಯೇ? ಇವು ದೆಹಲಿಯಲ್ಲಿ ಕುಳಿತವನಿಗೆ ಹೊಳೆಯುವ ಪ್ರಶ್ನೆಗಳಲ್ಲ. ಹಾವು ಕಡಿದವನನ್ನು ಮೋಟಾರು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಓಡಿದ ಮನೆಯಿಂದ ಬಂದ ವಿದ್ಯಾರ್ಥಿಗೆ ಹೊಳೆಯತಕ್ಕ ಪ್ರಶ್ನೆಗಳು.

ಆದ್ದರಿಂದ ಪ್ರೋಟಿಯೇಸುಗಳ ಸಮ್ಮೇಳನಕ್ಕೆ ಈ ಸೀಮೆಯ ತರುಣರು ಹೋದರೆ ಲಾಭವು ಅವರೊಬ್ಬರದೇ ಅಲ್ಲ. ಈ ವಿಷಯದಲ್ಲಿ ಸ್ಥಳವೇ ಪ್ರಮಾಣದ ಒಂದು ಭಾಗ. ಒಂದು ಸ್ಥಳದವರು ಸಭೆಯಲ್ಲಿ ಇಲ್ಲವೆಂದರೆ ಆ ಸ್ಥಳದ ಕೋಷ್ಟಕ ಖಾಲಿಯಾಗಿರುತ್ತದೆ.

ಇಂತಹ ಒಯ್ಯುವಿಕೆಯಿಂದ ಏನಾಗಬಲ್ಲುದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇವೆ. ೧೯೩೪ರಲ್ಲಿ ಲಂಡನ್ನಿನಲ್ಲಿ ಆರ್. ಜಿ. ಮ್ಯಾಕ್ಫರ್ಲೇನ್ ಎಂಬ ೨೭ ವರ್ಷದ ವೈದ್ಯನು ಅಲ್ಲಿನ ಮೃಗಾಲಯದ ಸರೀಸೃಪಾಧಿಕಾರಿ ಬರ್ಜೆಸ್ ಬಾರ್ನೆಟ್ಟನೊಡನೆ ಸೇರಿ ನಾನಾ ಹಾವುಗಳ ನಂಜನ್ನು ಪರೀಕ್ಷಿಸಿ, ನಮ್ಮ ಕೊಳಕುಮಂಡಲದ ನಂಜನ್ನು ಬಹಳ ತೆಳುಮಾಡಿ ಹಚ್ಚಿದರೆ ಹೀಮೋಫೀಲಿಯ ರೋಗಿಯ ರಕ್ತವೂ ಹೆಪ್ಪುಗಟ್ಟುವುದೆಂದು ತೋರಿಸಿದನು. ಮೂವತ್ತು ವರ್ಷಗಳ ತರುವಾಯ, ೧೯೬೪ರಲ್ಲಿ, ರಕ್ತ ಹೆಪ್ಪುಗಟ್ಟುವುದು ಒಂದು ಕಿಣ್ವವು ಮತ್ತೊಂದನ್ನು ಎಚ್ಚರಿಸುವ ಜಲಪಾತದಂತಹ ಶ್ರೇಣಿಯೆಂದು ಸಿದ್ಧಾಂತ ಮಾಡಿದವರಲ್ಲಿ ಅವನೂ ಒಬ್ಬ. ಆ ನಂಜು ಇಂದಿಗೂ ಜಗತ್ತಿನ ರಕ್ತಪರೀಕ್ಷಾ ಶಾಲೆಗಳಲ್ಲಿ ಒಂದು ಸಾಧನ. ಹಾವು ನಮ್ಮದು, ಹೆಸರು ಪ್ಯಾಟ್ರಿಕ್ ರಸೆಲ್ಲನದು, ಪ್ರಯೋಗ ಲಂಡನ್ನಿನದು!

ಎರಡನೆಯ ನಿದರ್ಶನ ನಮಗೆ ಇನ್ನೂ ಹತ್ತಿರವಾದುದು, ಬ್ರಜಿಲ್ ದೇಶವು ಆಗ ನಮ್ಮಂತೆಯೇ ಬಡದೇಶವಾಗಿದ್ದುದರಿಂದ. ೧೯೪೮ರಲ್ಲಿ ಅಲ್ಲಿನ ರೋಶಾ ಇ ಸಿಲ್ವ ಮತ್ತು ಸಂಗಡಿಗರು ಜರರಾಕ ಎಂಬ ಮಂಡಲದ ನಂಜು ರಕ್ತದಿಂದ ಬ್ರಾಡಿಕೈನಿನ್ ಎಂಬ ವಸ್ತುವನ್ನು ಬಿಡಿಸುವುದೆಂದು ಕಂಡುಹಿಡಿದರು. ಅವರ ಶಿಷ್ಯ ಸೆರ್ಜಿಯೋ ಫೆರೇರ ೧೯೬೫ರಲ್ಲಿ ಅದೇ ನಂಜಿನಲ್ಲಿ ಬ್ರಾಡಿಕೈನಿನ್ನಿನ ಪರಿಣಾಮವನ್ನು ಹೆಚ್ಚಿಸುವ ಅಂಶವೊಂದನ್ನು ವರ್ಣಿಸಿದನು. ಆಮೇಲೆ ಅದನ್ನು ತನ್ನೊಡನೆ ಲಂಡನ್ನಿಗೆ, ಜಾನ್ ವೇನ್ ಅವರ ಪ್ರಯೋಗಶಾಲೆಗೆ ಒಯ್ದನು. ಅಲ್ಲಿ ಅದು ರಕ್ತದ ಒತ್ತಡವನ್ನು ಏರಿಸುವ ಒಂದು ಪ್ರೋಟಿಯೇಸಿಗೆ ಪ್ರತಿಬಂಧಕವೆಂದು ತಿಳಿದುಬಂದಿತು. ಆ ಸೂತ್ರವನ್ನು ಹಿಡಿದು ಅಮೆರಿಕದಲ್ಲಿ ಕಷ್ಮನ್ ಮತ್ತು ಒಂಡೆಟ್ಟಿ ರಚಿಸಿದ ಕ್ಯಾಪ್ಟೊಪ್ರಿಲ್ ಎಂಬ ಔಷಧಕ್ಕೆ ೧೯೮೧ರಲ್ಲಿ ಮನ್ನಣೆ ದೊರೆಯಿತು. ಇಂದು ನಮ್ಮ ಊರುಗಳ ಔಷಧದ ಅಂಗಡಿಗಳಲ್ಲಿ ರಕ್ತದೊತ್ತಡಕ್ಕೆ ಮಾರುವ ಮಾತ್ರೆಗಳಲ್ಲಿ ಅದರ ವಂಶದವು ಹಲವು. ಫೆರೇರನ ಕೈಯಲ್ಲಿದ್ದ ವಸ್ತುವಿಗೂ ವೇನ್ ಅವರ ಬಳಿಯಿದ್ದ ಪ್ರಶ್ನೆಗೂ ಭೇಟಿಯಾಗದಿದ್ದರೆ ಈ ಕಥೆ ಎಷ್ಟು ಕಾಲ ತಡವಾಗುತ್ತಿತ್ತೋ ಹೇಳಬರುವಂತಿಲ್ಲ. ಸಮ್ಮೇಳನವೆಂಬುದು ಇಂತಹ ಭೇಟಿಗಳಿಗಾಗಿ ಕಟ್ಟಿದ ಛತ್ರ.

ಏಡ್ಸ್ ರೋಗದಲ್ಲಿಯೂ ೨೦೨೦ರ ಮಹಾಮಾರಿಯಲ್ಲಿಯೂ ವೈರಸ್ಸಿನ ಪ್ರೋಟಿಯೇಸನ್ನು ತಡೆಯುವ ಔಷಧಗಳು ಬಂದುದನ್ನು ವಾಚಕರು ಬಲ್ಲರು. ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಒಂದನ್ನು ಮಾತ್ರ ಹೇಳಬೇಕು. ಅರ್ಬುದ ರೋಗಕ್ಕಾಗಿ ರಚಿಸಿ, ಅಲ್ಲಿ ಸೋತುಹೋದ ಮಾರಿಮಸ್ಟಾಟ್ ಎಂಬ ಲೋಹ ಪ್ರೋಟಿಯೇಸ್ ಪ್ರತಿಬಂಧಕವನ್ನು ಈಗ ಮಂಡಲದ ನಂಜಿಗೆ ಮದ್ದಾಗಿ ಪರೀಕ್ಷಿಸುತ್ತಿದ್ದಾರೆ. ಅರ್ಬುದದವರೂ ಹಾವಿನವರೂ ಒಂದೇ ಸಭೆಯಲ್ಲಿ ಕುಳಿತಾಗ ಹೊಳೆಯತಕ್ಕ ವಿಚಾರವಿದು.

ಈಗ ಮೊದಲ ಪ್ರಶ್ನೆಗೆ ಬರೋಣ. ಸಂಡೂರಿನ ಬಳಿಯ ನಂದಿಹಳ್ಳಿಯಲ್ಲಿ, ೨೦೧೦ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಿದೆ. ಹೊಸಪೇಟೆ, ಕಂಪ್ಲಿಗಳಲ್ಲಿ ಪದವಿ ಕಾಲೇಜುಗಳಿವೆ. ಇವುಗಳಲ್ಲೊಂದರಲ್ಲಿ ಓದಿ, ಸಂಶೋಧನೆಗೆ ತೊಡಗಿ ಎರಡು ಮೂರು ವರ್ಷಗಳಾದ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳೋಣ. ಅವಳ ಸಾರಾಂಶವನ್ನು ಸಮ್ಮೇಳನದವರು ಒಪ್ಪಿದ್ದಾರೆ. ನೋಂದಣಿಯ ಶುಲ್ಕ, ಪ್ರಯಾಣ, ವಸತಿ, ಹೊರದೇಶವಾದರೆ ವೀಸಾ, ಇವು ಎದುರಿಗೆ ನಿಂತಿವೆ. ಸಹಾಯಕ್ಕೆ ದಾರಿಗಳಿಲ್ಲವೆಂದಲ್ಲ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ವೈದ್ಯಕೀಯ ಸಂಶೋಧನಾ ಮಂಡಲಿ, ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಮಂಡಲಿ ಇವು ಪ್ರಯಾಣಕ್ಕೆ ಧನಸಹಾಯವನ್ನು ನೀಡುತ್ತ ಬಂದಿವೆ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಲಿಯ ಹೊಣೆಗಳು ೨೦೨೩ರ ಕಾಯಿದೆಯ ಮೇರೆಗೆ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಸೇರಿದುವು. ಸಮ್ಮೇಳನಗಳೂ ಸಂಘಗಳೂ ತಮ್ಮದೇ ಆದ ಪ್ರಯಾಣ ವೇತನಗಳನ್ನು ಇಟ್ಟಿರುತ್ತವೆ. ನಿಯಮಗಳು ವರ್ಷವರ್ಷಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವವರು ಆಯಾ ವರ್ಷದ ಪ್ರಕಟಣೆಯನ್ನೇ ನೋಡತಕ್ಕದ್ದು.

ತೊಡಕು ಇರುವುದು ಹಣದ ಮೊತ್ತದಲ್ಲಿ ಅಷ್ಟಲ್ಲ, ಅದು ಬರುವ ಹೊತ್ತಿನಲ್ಲಿ. ಅನೇಕ ವೇತನಗಳು ಖರ್ಚಾದ ಮೇಲೆ, ರಸೀದಿಗಳನ್ನು ಒಪ್ಪಿಸಿದ ಮೇಲೆ ಕೈಸೇರುತ್ತವೆ. ಮೊದಲು ಖರ್ಚುಮಾಡುವ ಶಕ್ತಿಯಿದ್ದವರಿಗೆ ಇದು ಸಹಾಯ. ಇಲ್ಲದವರಿಗೆ ಇದು ಬೀಗ ಹಾಕಿದ ಬಾಗಿಲಿನ ಮೇಲೆ ಅಂಟಿಸಿದ ಆಹ್ವಾನಪತ್ರಿಕೆ. ಸಂಶೋಧನಾ ವೇತನವೇ ತಿಂಗಳುಗಟ್ಟಲೆ ತಡವಾಗುವ ನಾಡಿನಲ್ಲಿ ವಿಮಾನದ ಚೀಟಿಯನ್ನು ವಿದ್ಯಾರ್ಥಿಯೇ ಕೊಂಡು ಆಮೇಲೆ ಕಾಯಲಿ ಎನ್ನುವುದು ನ್ಯಾಯವಲ್ಲ. ಸಮ್ಮೇಳನದವರು ೪೦ ಜನಕ್ಕೆ ಅರ್ಧರ್ಧ ಕೊಡುವುದಕ್ಕಿಂತ ೨೦ ಜನಕ್ಕೆ ಪೂರ್ತಿಯಾಗಿ, ಮುಂಗಡವಾಗಿ ಕೊಡುವುದು ಮೇಲೆಂದು ನಮ್ಮ ದೃಢವಾದ ಅಭಿಪ್ರಾಯ. ಅರ್ಧ ಕೊಟ್ಟರೆ ಬರುವವರು ಉಳಿದರ್ಧವನ್ನು ಹೊಂದಿಸಬಲ್ಲವರು ಮಾತ್ರ. ಪಟ್ಟಿಯಲ್ಲಿ ಸಂಖ್ಯೆ ಚೆನ್ನಾಗಿ ಕಾಣುತ್ತದೆ, ಅಷ್ಟೆ. ಕಾಲೇಜುಗಳು ಸಹ ಸಣ್ಣದೊಂದು ಸುತ್ತುನಿಧಿಯನ್ನು ಇಟ್ಟುಕೊಂಡು, ವಿದ್ಯಾರ್ಥಿಗೆ ಮುಂಗಡ ಕೊಟ್ಟು, ವೇತನ ಬಂದಾಗ ಹಿಂದಕ್ಕೆ ಪಡೆಯಬಹುದು. ಇದಕ್ಕೆ ಹೊಸ ಹಣ ಬೇಕಿಲ್ಲ, ಧೈರ್ಯ ಬೇಕು.

ಎರಡನೆಯದಾಗಿ ಮಾತನಾಡುವ ಅವಕಾಶ. ಸಾಮಾನ್ಯವಾಗಿ ತರುಣರ ಕೆಲಸಕ್ಕೆ ಭಿತ್ತಿಪತ್ರದ ಸ್ಥಾನ ದೊರೆಯುತ್ತದೆ, ಅದೂ ಊಟದ ಹೊತ್ತಿನಲ್ಲಿ. ಹಿರಿಯರು ತಟ್ಟೆ ಹಿಡಿದು ಹಾದುಹೋಗುತ್ತಾರೆ. ಕಿರಿಯರು ಒಬ್ಬರ ಭಿತ್ತಿಪತ್ರವನ್ನು ಮತ್ತೊಬ್ಬರು ಓದುತ್ತ ನಿಲ್ಲುತ್ತಾರೆ. ಭಿತ್ತಿಪತ್ರಗಳಿಂದ ಕೆಲವನ್ನಾದರೂ ಆರಿಸಿ ಐದೈದು ನಿಮಿಷ ವೇದಿಕೆಯ ಮೇಲೆ ಹೇಳಿಸುವ ಪದ್ಧತಿ ಅನೇಕ ಕಡೆ ಬಂದಿದೆ. ಅದು ಎಲ್ಲ ಕಡೆಯೂ ಬರಬೇಕು. ನಮ್ಮ ದೇಶದ ಸಭೆಗಳಲ್ಲಿ ಉದ್ಘಾಟನೆ, ಹಾರ, ಶಾಲು, ಸ್ಮರಣಿಕೆಗಳಿಗೆ ವ್ಯಯವಾಗುವ ಹೊತ್ತನ್ನು ಯಾರಾದರೂ ಗಡಿಯಾರ ಹಿಡಿದು ಲೆಕ್ಕಹಾಕಿದರೆ, ಹತ್ತು ಹನ್ನೆರಡು ಮಂದಿ ತರುಣರಿಗೆ ಸಾಕಾಗುವಷ್ಟು ಸಮಯ ಅದರಲ್ಲಿಯೇ ಸಿಗುತ್ತದೆ. ಪ್ರತಿ ಉಪನ್ಯಾಸದ ಬಳಿಕ ಮೊದಲ ಪ್ರಶ್ನೆಯನ್ನು ವಿದ್ಯಾರ್ಥಿಗೇ ಮೀಸಲಿಡುವ ಅಧ್ಯಕ್ಷರೂ ಉಂಟು. ಖರ್ಚಿಲ್ಲದ ಉಪಕಾರವೆಂದರೆ ಇದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನಲ್ಲಿ ಎದ್ದುನಿಂತು ಕೇಳುವುದೇ ಒಂದು ಗಂಡಾಂತರ. ಪ್ರಶ್ನೆಯನ್ನು ಮುಂಚೆಯೇ ಚೀಟಿಯಲ್ಲಿ ಬರೆದುಕೊಡಲು ಬಿಟ್ಟರೆ ಅವರ ಬಾಯಿ ಎರಡನೆಯ ದಿನಕ್ಕೆ ತಾನಾಗಿಯೇ ಬಿಡುತ್ತದೆ.

ಮೂರನೆಯದು ಮರಳಿ ಬಂದ ಮೇಲಿನ ಸಹಾಯ. ಇದನ್ನು ಕುರಿತು ಯೋಜನೆಗಳು ಬಹುಮಟ್ಟಿಗೆ ಮೌನವಾಗಿವೆ. ಸಮ್ಮೇಳನದಲ್ಲಿ ಭೇಟಿಯಾದ ಹಿರಿಯರ ಪ್ರಯೋಗಶಾಲೆಗೆ ಹದಿನೈದು ದಿನ ಹೋಗಿ, ಇಲ್ಲಿಲ್ಲದ ಒಂದು ಯಂತ್ರದ ಮುಂದೆ ಕುಳಿತು ಬರಲು ಸಾಧ್ಯವಾದರೆ ಸಮ್ಮೇಳನ ಫಲಿಸಿತು. ಇಲ್ಲವಾದರೆ ಉಳಿಯುವುದು ಪ್ರಮಾಣಪತ್ರವೂ ಹೆಗಲಚೀಲವೂ. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಮೈಸೂರೂ ಬೆಂಗಳೂರೂ ಒಂದು ರಾತ್ರಿಯ ದಾರಿ. ಮೈಸೂರಿನಲ್ಲಿ ಟಿ. ವೀರಬಸಪ್ಪ ಗೌಡರೂ ಅವರ ಶಿಷ್ಯಪರಂಪರೆಯೂ ನಂಜಿನ ಕಿಣ್ವಗಳ ಮೇಲೆ ದಶಕಗಳ ಕಾ���ದ ಕೆಲಸವನ್ನು ಬೆಳೆಸಿದ್ದಾರೆ. ಬೆಂಗಳೂರಿನ ಇಂಡಿಯಾ ಬಯೋಸೈನ್ಸ್ ಸಂಸ್ಥೆಯ ಆಶ್ರಯದಲ್ಲಿ ೨೦೦೯ರಿಂದ ಮೊದಲ್ಗೊಂಡ ತರುಣ ಸಂಶೋಧಕರ ಕೂಟಗಳು, ಹೊಸದಾಗಿ ಪ್ರಯೋಗಶಾಲೆ ತೆರೆದವರಿಗೂ ಹಿರಿಯರಿಗೂ ಪರಿಚಯ ಮಾಡಿಸುವುದನ್ನೇ ಉದ್ದೇಶವಾಗಿಟ್ಟುಕೊಂಡಿವೆ. ದಾರಿ ಹತ್ತಿರವೇ ಇದೆ. ಯಾರನ್ನು ಕೇಳಬೇಕೆಂದು ತಿಳಿಯದಿರುವುದೇ ದೂರ.

ಕಾಲೇಜಿನ ಅಧ್ಯಾಪಕರು ಇಂದೇ ಮಾಡಬಹುದಾದುದೂ ಇದೆ. ಹಾವಿನ ನಂಜನ್ನು ವಿದ್ಯಾರ್ಥಿಗಳು ಮುಟ್ಟಲಾಗದು, ಮುಟ್ಟಲೂಬಾರದು. ಹಾವನ್ನು ಹಿಡಿಯಲು ೧೯೭೨ರ ವನ್ಯಜೀವಿ ಕಾಯಿದೆಯ ಪ್ರಕಾರ ಅನುಮತಿ ಬೇಕು, ಅದಕ್ಕೆ ತಕ್ಕ ಶಿಕ್ಷಣವೂ ಬೇಕು. ಆದರೆ ಪ್ರೋಟಿಯೇಸಿನ ಮೊದಲ ಪಾಠಕ್ಕೆ ಪರಂಗಿಕಾಯಿಯ ಹಾಲು ಸಾಕು. ಆಸ್ಪತ್ರೆಯವರು ಬಿಸಾಡುವ ಹಳೆಯ ಎಕ್ಸ್‌ರೇ ಪದರದ ಮೇಲೆ ಜೆಲಟಿನ್ನಿನ ಲೇಪವಿರುತ್ತದೆ. ಅದರ ಮೇಲೆ ನೀರಿನಲ್ಲಿ ಬೆರೆಸಿದ ಪರಂಗಿಯ ಹಾಲನ್ನು ಒಂದು ತೊಟ್ಟು ಇಟ್ಟು, ಸ್ವಲ್ಪ ಹೊತ್ತಿನ ಮೇಲೆ ತೊಳೆದರೆ, ಆ ಜಾಗದಲ್ಲಿ ಕಪ್ಪು ಹೋಗಿ ತಿಳಿಯಾದ ಬಿಂದು ಉಳಿಯುತ್ತದೆ. ಕಿಣ್ವವನ್ನು ಕುದಿಸಿ ಇಟ್ಟರೆ ಬಿಂದು ಮೂಡದು. ಟ್ರಿಪ್ಸಿನ್ನಿನ ದ್ರಾವಣಕ್ಕೆ ಹಸಿಯ ಹುರುಳಿಯ ಕಷಾಯವನ್ನು ಬೆರೆಸಿಟ್ಟರೆ ಬಿಂದು ಮಸುಕಾಗುತ್ತದೆ. ಅದೇ ಕಷಾಯವನ್ನು ಪರಂಗಿಯ ಹಾಲಿಗೆ ಬೆರೆಸಿದಾಗ ಏನಾಗುತ್ತದೆಂದು ವಿದ್ಯಾರ್ಥಿಗಳೇ ನೋಡಲಿ. ಪಪೈನು ಬೇರೆ ಪಂಗಡದ ಕಿಣ್ವ, ಅದರ ಕತ್ತರಿಯಲ್ಲಿ ಗಂಧಕವುಳ್ಳ ಸಿಸ್ಟೀನ್ ಇದೆ, ಟ್ರಿಪ್ಸಿನ್ನಿನದರಲ್ಲಿ ಸೆರೀನ್ ಇದೆ. ಹುರುಳಿಯ ಎರಡು ತಲೆಗಳೂ ಎರಡನೆಯ ಪಂಗಡಕ್ಕಾಗಿ ಮಾಡಿದವು. ಕಿಣ್ವಗಳ ವರ್ಗೀಕರಣವನ್ನು ಹಲಗೆಯ ಮೇಲೆ ಬರೆಯುವುದಕ್ಕಿಂತ ಹೀಗೆ ತೋರಿಸುವುದು ಮನಸ್ಸಿನಲ್ಲಿ ನಿಲ್ಲುತ್ತದೆ. ಎಕ್ಕದ ಹಾಲನ್ನು ಬಳಸುವವರು ಅದು ಕಣ್ಣಿಗೆ ತಾಕದಂತೆ ಎಚ್ಚರಿಕೆ ವಹಿಸತಕ್ಕದ್ದು.

ಇಷ್ಟನ್ನು ಮಾಡಿದ ವಿದ್ಯಾರ್ಥಿಯು ಮುಂದೆ ಆಸ್ಪತ್ರೆಯ ವೈದ್ಯರ ಸಹಕಾರದಿಂದ, ನೀತಿ ಸಮಿತಿಯ ಒಪ್ಪಿಗೆ ಪಡೆದು, ಇನ್ನೊಂದು ಕೆಲಸವನ್ನು ಕೈಗೊಳ್ಳಬಹುದು: ಹಾವು ಕಡಿದವರು ಯಾವ ಊರಿನವರು, ನೀರಾವರಿಯ ಗದ್ದೆಯಲ್ಲೋ ಒಣಹೊಲದಲ್ಲೋ ಕಡಿತವಾದದ್ದು, ಕಡಿದ ಎಷ್ಟು ಹೊತ್ತಿಗೆ ಬಂದರು, ಗಾಜಿನ ಕೊಳವೆಯ ರಕ್ತ ೨೦ ನಿಮಿಷದಲ್ಲಿ ಹೆಪ್ಪುಗಟ್ಟಿತೇ, ಎಷ್ಟು ಸೀಸೆ ಪ್ರತಿವಿಷ ಕೊಟ್ಟ ಮೇಲೆ ಗಟ್ಟಿತು ಎಂಬುದನ್ನು ಹೆಸರಿಲ್ಲದೆ ಬರೆದಿಡುವುದು. ಕರ್ನಾಟಕದಲ್ಲಿ ಕಡಿತಗಳನ್ನು ವರದಿ ಮಾಡುವುದು ಕಡ್ಡಾಯವಾಗಿರುವುದರಿಂದ ಮೂಲ ದಾಖಲೆ ಇದ್ದೇ ಇರುತ್ತದೆ. ಅದಕ್ಕೆ ಊರು, ಹೊಲ, ಹೊತ್ತುಗಳನ್ನು ಸೇರಿಸುವವರು ಬೇಕು. ಎರಡು ಮಳೆಗಾಲಗಳ ಇಂತಹ ಲೆಕ್ಕ ಕೈಯಲ್ಲಿದ್ದರೆ ಸಾರಾಂಶ ಬರೆಯಲು ಅದು ಸಾಕು. ಸಮ್ಮೇಳನಗಳ ಸಾರಾಂಶಗಳಿಗೆ ಕೊನೆಯ ದಿನಾಂಕವು ಸಾಮಾನ್ಯವಾಗಿ ಸಭೆಗೆ ಹಲವು ತಿಂಗಳು ಮೊದಲೇ ಬರುತ್ತದೆ. ಪ್ರಯಾಣ ವೇತನದ ಅರ್ಜಿಗೆ ಕೆಲವು ವೇಳೆ ಅದಕ್ಕೂ ಮೊದಲು. ಆದಕಾರಣ ಜೂನ್ ತಿಂಗಳಲ್ಲಿ ಕಾಲೇಜು ಬಾಗಿಲು ತೆರೆದ ವಾರದಲ್ಲಿಯೇ ಆ ವರ್ಷದ ದಿನಾಂಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಪ್ರಯೋಗಶಾಲೆಯ ಬಾಗಿಲಿಗೆ ಅಂಟಿಸಬೇಕೆಂದು ವಿಭಾಗಗಳ ಮುಖ್ಯಸ್ಥರನ್ನು ಕೋರುತ್ತೇವೆ.